ಕಾಲ್ ಸೇರುತ್ತೆ, ಧ್ವನಿ ಬರುತ್ತೆ, ವಿಡಿಯೋ ಬರಲ್ಲ: ಎಚ್.323 ಬಿಟ್ಟು ಪೂರ್ತಿ ಎಸ್‌ಐಪಿಗೆ ಹೋಗೋದೇ ಪರಿಹಾರವಾ?

#1 ತಂತಿಜಾಲ
ಎರಡು ಕಚೇರಿ, ಎ ಮತ್ತು ಬಿ ಅಂತಿಟ್ಕೊಳ್ಳಿ. ಎರಡರಲ್ಲೂ ಒಂದೊಂದು ಹಳೇ ಕೊಠಡಿ ವಿಡಿಯೋ ಸಾಧನ. ಎರಡಕ್ಕೂ ಎಚ್.323, ಎಸ್‌ಐಪಿ (ಕಾಲ್ ಸೇರಿಸೋ ಎರಡು ಬೇರೆ ಬೇರೆ ಪ್ರೋಟೋಕಾಲ್) ಎರಡೂ ಬರುತ್ತೆ, ಸದ್ಯ ಓಡ್ತಿರೋದು ಎಚ್.323. ಗೇಟ್‌ಕೀಪರ್ (ಕಾಲ್‌ಗೆ ವಿಳಾಸ, ಅನುಮತಿ ಕೊಡೋ ಸರ್ವರ್) ಎ ಕಡೆ ಇದೆ. ನಡುವೆ ಎರಡು ಫೈರ್‌ವಾಲ್, ಅವುಗಳ ಮಧ್ಯೆ ಐಪಿಸೆಕ್ ಟನಲ್ (ಎನ್‌ಕ್ರಿಪ್ಟ್ ಆದ ದಾರಿ). ಕಾಲ್ ದರ 1 ಎಂಬಿಪಿಎಸ್, ಲಿಂಕ್ 20 ಎಂಬಿಪಿಎಸ್, ಅದರಲ್ಲಿ ಅರ್ಧವೂ ಬಳಕೆ ಆಗ್ತಿಲ್ಲ.

ತೊಂದರೆ ಮೂರು.
ಕಾಲ್ ಸೇರುತ್ತೆ, ಧ್ವನಿ ಎರಡೂ ಕಡೆ ಸ್ವಚ್ಛ. ಬಿ ಚಿತ್ರ ಎ ಗೆ ಬರುತ್ತೆ, ಎ ಚಿತ್ರ ಬಿ ಗೆ ಹೋಗಲ್ಲ, ಬರೀ ಕಪ್ಪು ಪರದೆ.
ಸ್ಲೈಡ್ ಹಂಚಿಕೊಂಡ್ರೆ ಕಳಿಸುವ ಕಡೆ "ಹಂಚಿಕೆ ಶುರು" ಅಂತ ತೋರಿಸುತ್ತೆ, ಆಚೆ ಕಡೆ ಏನೂ ಕಾಣಲ್ಲ. ಯಾವ ಕಡೆಯಿಂದ ಹಂಚಿದ್ರೂ ಇದೇ.
ಕಾಲ್ ಉಳಿದುಕೊಂಡ್ರೆ, ಸರಿಯಾಗಿ ಒಂದು ಗಂಟೆಗೆ ಕಟ್.

ಎರಡೂ ಸಾಧನ ಒಂದೇ ಲ್ಯಾನ್‌ನಲ್ಲಿಟ್ಟರೆ ಎಲ್ಲಾ ಸರಿ. ಒಬ್ಬರು ಬ್ಯಾಂಡ್‌ವಿಡ್ತ್ ಹೆಚ್ಚಿಸಿ ಅಂತಾರೆ, ಇನ್ನೊಬ್ಬರು ಎಚ್.323 ಸತ್ತುಹೋಗಿದೆ, ಎಸ್‌ಐಪಿಗೆ ಹೋಗಿ ಅಂತಾರೆ. ತಿಳಿದವರು ಹೇಳಿ.

#2 ಹೊಸಗಾಳಿ
ಎಸ್‌ಐಪಿಗೆ ಹೋಗಿ, ಮುಗೀತು. ಎಚ್.323 ಬಂದಿದ್ದು 1996ರಲ್ಲಿ. ಅದರ ಮೊದಲ ಆವೃತ್ತಿಯ ಶೀರ್ಷಿಕೆಯಲ್ಲೇ "ಗುಣಮಟ್ಟದ ಖಾತರಿ ಇಲ್ಲದ ಲೋಕಲ್ ಏರಿಯಾ ನೆಟ್‌ವರ್ಕ್‌ಗಳಿಗೆ" ಅಂತಿತ್ತು. ಫೈರ್‌ವಾಲ್ ದಾಟೋದಕ್ಕೆ ಅಂತ ಮಾಡಿದ್ದೇ ಅಲ್ಲ ಅದು.

#3 ಗೇಟ್‌ಕೀಪರ್_ಗೌಡ
@ಹೊಸಗಾಳಿ 1998ರ ಎರಡನೇ ಆವೃತ್ತಿಯಲ್ಲೇ ಹೆಸರು "ಪ್ಯಾಕೆಟ್ ಆಧಾರಿತ ಮಲ್ಟಿಮೀಡಿಯಾ ಸಂವಹನ ವ್ಯವಸ್ಥೆಗಳು" ಅಂತ ಬದಲಾಯ್ತು. 1999ರ ಆರ್‌ಎಫ್‌ಸಿ 2543ರ (ಇಂಟರ್ನೆಟ್ ಮಾನದಂಡ ದಾಖಲೆ) ಎಸ್‌ಐಪಿ ಕೂಡ ಎನ್‌ಎಟಿ (ಖಾಸಗಿ ವಿಳಾಸ ಬದಲಿಸೋ ವ್ಯವಸ್ಥೆ), ಫೈರ್‌ವಾಲ್ ಅಂತ ಯೋಚಿಸಿ ಬರೆದಿದ್ದಲ್ಲ. ಎರಡೂ ಐಪಿ ವಿಳಾಸವನ್ನ ಸಂದೇಶದ ಹೊಟ್ಟೆಯೊಳಗೆ ಇಟ್ಟು ಕಳಿಸ್ತವೆ. ಎರಡಕ್ಕೂ ಅಲ್ಲೇ ಪೆಟ್ಟು.

ಅಷ್ಟಕ್ಕೂ ಚಿತ್ರ, ಧ್ವನಿ ಎರಡೂ ಹೋಗೋದು ಆರ್‌ಟಿಪಿ (ಮೀಡಿಯಾ ಪ್ಯಾಕೆಟ್ ಸಾಗಿಸೋ ಪ್ರೋಟೋಕಾಲ್) ಮೇಲೆ, ನೀವು ಯಾವ ಸಿಗ್ನಲಿಂಗ್ (ಕಾಲ್ ಸೇರಿಸೋ ಮಾತುಕತೆ) ಹಾಕಿದರೂ ಸರಿ. ಆರ್‌ಟಿಪಿ ಪ್ಯಾಕೆಟ್ ಸಾಯ್ತಿದ್ರೆ ಎಸ್‌ಐಪಿಯಲ್ಲೂ ಹಾಗೇ ಸಾಯುತ್ತೆ.

#4 ಮೋಡದಮರೆ
ಇದು ಪಕ್ಕಾ ಎನ್‌ಎಟಿ ಸಮಸ್ಯೆ. ಎಚ್.460.18, ಎಚ್.460.19 ಬೆಂಬಲಿಸೋ ಟ್ರಾವರ್ಸಲ್ ಸರ್ವರ್ ಹಾಕಿ. ಒಳಗಿನ ಸಾಧನ ತಾನೇ ಹೊರಗೆ ಸಂಪರ್ಕ ತೆರೆಯುತ್ತೆ, ಒಳಬರುವ ಪೋರ್ಟ್ ಒಂದೂ ತೆರೆಯೋದು ಬೇಡ.

#5 ಗೇಟ್‌ಕೀಪರ್_ಗೌಡ
@ಮೋಡದಮರೆ ಅವರ ಮಧ್ಯೆ ಇರೋದು ಸೈಟ್-ಟು-ಸೈಟ್ ಟನಲ್. ಖಾಸಗಿ ವಿಳಾಸಗಳು ನೇರ ರೂಟ್ ಆಗುತ್ತವೆ, ಎನ್‌ಎಟಿ ಇರಬೇಕಾಗಿಲ್ಲ. ಎನ್‌ಎಟಿ ಕೆಟ್ಟಿದ್ದರೆ ಮೊದಲು ಸಾಯೋದು ಧ್ವನಿ. ಇಲ್ಲಿ ಧ್ವನಿ ಎರಡೂ ಕಡೆ ಸ್ವಚ್ಛ.

ಮೂಲ ಪೋಸ್ಟ್‌ನವರಿಗೆ ಎರಡು ಪ್ರಶ್ನೆ. ಗೇಟ್‌ಕೀಪರ್ ಡೈರೆಕ್ಟ್ ಮೋಡ್‌ನಲ್ಲಿದೆಯಾ (ಸಿಗ್ನಲಿಂಗ್ ಸಾಧನಗಳ ನಡುವೆ ನೇರ), ರೂಟೆಡ್ ಮೋಡ್‌ನಲ್ಲಾ (ಗೇಟ್‌ಕೀಪರ್ ಮೂಲಕ)? ಫೈರ್‌ವಾಲ್‌ನಲ್ಲಿ ಎಚ್.323 ಇನ್‌ಸ್ಪೆಕ್ಷನ್ (ಎಎಲ್‌ಜಿ, ಕಾಲ್ ಸಂದೇಶ ಓದಿ ಪೋರ್ಟ್ ತೆರೆಯೋ ವ್ಯವಸ್ಥೆ) ಆನ್ ಇದೆಯಾ?

#6 ಪ್ಯಾಕೆಟ್_ಪದ್ಮ
"ಧ್ವನಿ ಬರುತ್ತೆ, ಚಿತ್ರ ಬರಲ್ಲ" ಅಂದಾಗ ಮೊದಲು ನೋಡಬೇಕಾದ್ದು ಪ್ಯಾಕೆಟ್ ಗಾತ್ರ. ಲೆಕ್ಕ ಹಾಕಿ ನೋಡಿ.

ಜಿ.711 ಧ್ವನಿ, 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್. ಪೇಲೋಡ್ 160 ಬೈಟ್, ಆರ್‌ಟಿಪಿ ತಲೆ 12, ಯುಡಿಪಿ 8, ಐಪಿ 20. ಒಟ್ಟು 200 ಬೈಟ್. ಸೆಕೆಂಡಿಗೆ 50 ಪ್ಯಾಕೆಟ್, ಅಂದ್ರೆ 80 ಕೆಬಿಪಿಎಸ್. 200 ಬೈಟ್ ಪ್ಯಾಕೆಟ್ ಯಾವ ಟನಲ್‌ನಲ್ಲಾದರೂ ನುಸುಳಿಕೊಂಡು ಹೋಗುತ್ತೆ.

ವಿಡಿಯೋ ಹಾಗಲ್ಲ. ಸಾಧನ ಎಂಟಿಯು (ದಾರಿಯಲ್ಲಿ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಅಂತ ನಂಬಿ ಒಂದೊಂದು ಪ್ಯಾಕೆಟ್‌ನೂ 1400ರ ಮೇಲೆ ತುಂಬಿಸಿ ಕಳಿಸುತ್ತೆ. ಐಪಿಸೆಕ್ ತನ್ನ ಹೊದಿಕೆಗೆ 50ರಿಂದ 80 ಬೈಟ್ ತಿನ್ನುತ್ತೆ. ಆಗ ಎರಡರಲ್ಲೊಂದು ಆಗುತ್ತೆ. ಡಿಎಫ್ ಬಿಟ್ ("ತುಂಡು ಮಾಡಬೇಡ" ಅನ್ನೋ ಗುರುತು) ಇದ್ದರೆ ಪ್ಯಾಕೆಟ್ ಬಿದ್ದುಹೋಗುತ್ತೆ, "ದೊಡ್ಡದಾಯ್ತು" ಅಂತ ಹೇಳುವ ಐಸಿಎಂಪಿ ಸಂದೇಶವನ್ನ (ಟೈಪ್ 3, ಕೋಡ್ 4) ಯಾರೋ ತಡೆದಿರ್ತಾರೆ, ಸಾಧನಕ್ಕೆ ಗೊತ್ತೇ ಆಗಲ್ಲ. ಡಿಎಫ್ ಇಲ್ಲದಿದ್ದರೆ ಪ್ಯಾಕೆಟ್ ಎರಡು ತುಂಡಾಗುತ್ತೆ. ಎರಡನೇ ತುಂಡಿನಲ್ಲಿ ಯುಡಿಪಿ ತಲೆಯೇ ಇರಲ್ಲ, ಪೋರ್ಟ್ ಸಂಖ್ಯೆ ಕಾಣದ ಫೈರ್‌ವಾಲ್ ಅದನ್ನ ಬಿಸಾಕುತ್ತೆ. ಒಂದು ತುಂಡು ಹೋದರೆ ಇಡೀ ಪ್ಯಾಕೆಟ್ ಹೋದಂತೆ.

ಪರೀಕ್ಷೆ ಸುಲಭ. ಎ ಕಡೆಯ ಒಂದು ಕಂಪ್ಯೂಟರಿಂದ ಬಿ ಕಡೆಗೆ ಡಿಎಫ್ ಹಾಕಿ 1472 ಬೈಟ್ ಪೇಲೋಡ್‌ನ ಪಿಂಗ್ ಕೊಡಿ (1472 + 8 + 20 = 1500). ಹೋಗದಿದ್ದರೆ ಇಳಿಸುತ್ತಾ ಬನ್ನಿ. ಹೋದ ಮೊದಲ ಸಂಖ್ಯೆಗೆ 28 ಕೂಡಿಸಿದರೆ ಅದೇ ನಿಮ್ಮ ದಾರಿಯ ಎಂಟಿಯು. ಆಮೇಲೆ ಎರಡೂ ಸಾಧನದ ಮೆನುವಿನಲ್ಲಿ ನೆಟ್‌ವರ್ಕ್ ಅಡಿ ಎಂಟಿಯು ಎಷ್ಟಿದೆ ನೋಡಿ. ಒಂದು ಕಡೆ ಮಾತ್ರ ಕಪ್ಪು ಅಂದ್ರೆ, ಎರಡರಲ್ಲಿ ಬೇರೆ ಬೇರೆ ಸಂಖ್ಯೆ ಇರುವ ಸಾಧ್ಯತೆ ಜಾಸ್ತಿ.

#7 ಸುಮ್ನೆಓದ್ತೀನಿ
ಬ್ಯಾಂಡ್‌ವಿಡ್ತ್ ಅಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಮೇಡಂ?

#8 ಪ್ಯಾಕೆಟ್_ಪದ್ಮ
@ಸುಮ್ನೆಓದ್ತೀನಿ 1024 ಕೆಬಿಪಿಎಸ್ ಕಾಲ್ ಅಂದ್ರೆ ಧ್ವನಿ ಸೇರಿಸಿಯೇ ಅಷ್ಟು. 64 ಧ್ವನಿಗೆ ಹೋದರೆ 960 ಚಿತ್ರಕ್ಕೆ. ಪ್ಯಾಕೆಟ್ ತಲೆಗಳಿಗೆ 20 ಪ್ರತಿಶತ ಸೇರಿಸಿದರೂ 1.2 ಎಂಬಿಪಿಎಸ್ ಸುತ್ತಮುತ್ತ. ಲಿಂಕ್ ತುಂಬಿದ್ದರೆ ಧ್ವನಿಯೂ ತೊದಲುತ್ತಿತ್ತು, ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು, ಒಂದೊಂದು ಸಲ ಸರಿಯಾಗುತ್ತಿತ್ತು. ಯಾವಾಗಲೂ, ಒಂದೇ ದಿಕ್ಕಿನಲ್ಲಿ, ಪೂರ್ತಿ ಕಪ್ಪು ಅಂದರೆ ಅದು ದಟ್ಟಣೆ ಅಲ್ಲ, ನಿಯಮ.

#9 ತಂತಿಜಾಲ
@ಗೇಟ್‌ಕೀಪರ್_ಗೌಡ ಡೈರೆಕ್ಟ್ ಮೋಡ್. ಎರಡೂ ಫೈರ್‌ವಾಲ್‌ನಲ್ಲಿ ಇನ್‌ಸ್ಪೆಕ್ಷನ್ ಆನ್ ಇದೆ.
@ಪ್ಯಾಕೆಟ್_ಪದ್ಮ ಪಿಂಗ್ ನಾಳೆ ಮಾಡ್ತೀನಿ. ಪ್ಯಾಕೆಟ್ ಕ್ಯಾಪ್ಚರ್ ಕೂಡ ತಗೋಬೇಕು ಅಂದ್ಕೊಂಡಿದೀನಿ, ಎಲ್ಲಿಂದ ಹೇಗೆ ತಗೋಬೇಕು?

#10 ವೈರ್‌ಶಾರ್ಕ್_ವಿದ್ಯಾರ್ಥಿ
ಕ್ಯಾಪ್ಚರ್ ಬಗ್ಗೆ ನಾಲ್ಕು ಮಾತು.

ಫೈರ್‌ವಾಲ್‌ನ ಎರಡೂ ಮಗ್ಗುಲಲ್ಲಿ ಒಂದೇ ಹೊತ್ತಿಗೆ ತಗೊಳ್ಳಿ. ಒಂದೇ ಕಡೆ ತಗೊಂಡರೆ "ಬಂದಿಲ್ಲ" ಅನ್ನೋದು ತಿಳಿಯುತ್ತೆ, "ಎಲ್ಲಿ ಸತ್ತಿತು" ಅನ್ನೋದು ತಿಳಿಯಲ್ಲ. ಸಾಧನದ ಐಪಿ ಮೇಲೆ ಫಿಲ್ಟರ್ ಹಾಕಿ, ಪೋರ್ಟ್ ಮೇಲೆ ಬೇಡ. ಸ್ಥಿರವಾಗಿರೋದು ಟಿಸಿಪಿ 1720 (ಕಾಲ್ ಸಿಗ್ನಲಿಂಗ್) ಮತ್ತು ಯುಡಿಪಿ 1719 (ಆರ್‌ಎಎಸ್, ಗೇಟ್‌ಕೀಪರ್ ಜೊತೆಗಿನ ಮಾತು) ಮಾತ್ರ. ಎಚ್.245ರ (ಮೀಡಿಯಾ ಚಾನೆಲ್ ತೆರೆಯೋ ಮಾತುಕತೆ) ಟಿಸಿಪಿ ಪೋರ್ಟ್, ಆರ್‌ಟಿಪಿ ಪೋರ್ಟ್‌ಗಳು ಎಲ್ಲಾ ಕಾಲ್ ನಡುವೆಯೇ ಹುಟ್ಟೋವು.

ಮುಖ್ಯವಾದ್ದು: ಕಾಲ್ ಹಚ್ಚೋ ಮೊದಲೇ ಕ್ಯಾಪ್ಚರ್ ಶುರು ಮಾಡಿ. ಎಚ್.245 ಯಾವ ಪೋರ್ಟ್‌ನಲ್ಲಿ ತೆರೆಯುತ್ತೆ ಅನ್ನೋದನ್ನ ವೈರ್‌ಶಾರ್ಕ್ (ಪ್ಯಾಕೆಟ್ ಓದೋ ತಂತ್ರಾಂಶ) ಕಲಿಯೋದು ಸೆಟಪ್, ಅಲರ್ಟಿಂಗ್, ಕನೆಕ್ಟ್ ಸಂದೇಶಗಳನ್ನ ಓದಿ. ಮಧ್ಯದಲ್ಲಿ ಶುರು ಮಾಡಿದ್ರೆ ಎಚ್.245 ಬರೀ ಅರ್ಥವಿಲ್ಲದ ಟಿಸಿಪಿ ಬೈಟ್‌ಗಳಾಗಿ ಕಾಣುತ್ತೆ, ಎಎಸ್‌ಎನ್.1 (ಬೈನರಿ ರೂಪ) ಆದ್ದರಿಂದ ಕಣ್ಣಲ್ಲಿ ಓದೋಕೂ ಆಗಲ್ಲ.

ಆಮೇಲೆ ಓಪನ್ ಲಾಜಿಕಲ್ ಚಾನೆಲ್ ಮತ್ತು ಅದರ ಅಕ್ನಾಲೆಡ್ಜ್ ಹುಡುಕಿ. ಅಕ್ನಾಲೆಡ್ಜ್‌ನಲ್ಲಿ "ಈ ವಿಳಾಸಕ್ಕೆ, ಈ ಪೋರ್ಟ್‌ಗೆ ಆರ್‌ಟಿಪಿ ಕಳಿಸು" ಅಂತ ಇರುತ್ತೆ. ಅಲ್ಲಿ ಬರೆದ ಪೋರ್ಟ್‌ಗೆ ನಿಜಕ್ಕೂ ಪ್ಯಾಕೆಟ್ ಬಂತಾ ಅಂತ ತಾಳೆ ನೋಡಿ. ಟೆಲಿಫೋನಿ ಮೆನುವಿನಲ್ಲಿ ಆರ್‌ಟಿಪಿ ಸ್ಟ್ರೀಮ್ಸ್ ಒತ್ತಿದರೆ ಪ್ರತಿ ಹರಿವಿನ ನಷ್ಟ, ಜಿಟ್ಟರ್ (ಪ್ಯಾಕೆಟ್ ಬರೋ ಹೊತ್ತಿನ ಏರುಪೇರು) ಪಟ್ಟಿ ಸಿಗುತ್ತೆ. ಎನ್‌ಕ್ರಿಪ್ಷನ್ ಆನ್ ಇದ್ದರೂ ತೊಂದರೆ ಇಲ್ಲ, ಆರ್‌ಟಿಪಿ ತಲೆ ತೆರೆದೇ ಇರುತ್ತೆ, ಸೀಕ್ವೆನ್ಸ್ ಸಂಖ್ಯೆ ಓದಬಹುದು.

#11 ಹೊಸಗಾಳಿ
ನೋಡಿ, ಇದೇ ನಾನು ಹೇಳ್ತಿರೋದು. ಎಸ್‌ಐಪಿ ಆಗಿದ್ರೆ ಪಠ್ಯ. ಇನ್ವೈಟ್ (ಕಾಲ್ ಹಚ್ಚೋ ಸಂದೇಶ) ತೆರೆದು ಕಣ್ಣಲ್ಲೇ ಓದಬಹುದು. ಎಎಸ್‌ಎನ್.1 ಅಂದ್ರೆ ಓದಿಕೊಡೋ ತಂತ್ರಾಂಶ ಇಲ್ಲದೆ ಒಂದು ಹೆಜ್ಜೆ ಇಡೋಕಾಗಲ್ಲ.

#12 ಹಳೆಕೋಡೆಕ್
@ಹೊಸಗಾಳಿ ಓದೋಕೆ ಸುಲಭ, ಒಪ್ಪಿದೆ. ಆದರೆ ಆ ಪಠ್ಯದ ತೂಕಕ್ಕೂ ಬೆಲೆ ಇದೆ. ವಿಡಿಯೋ ಸಾಧನದ ಇನ್ವೈಟ್‌ನಲ್ಲಿ ಏಳೆಂಟು ಧ್ವನಿ ಕೋಡೆಕ್, ಎಚ್.264ರ ಎರಡು ಮೂರು ಪ್ರೊಫೈಲ್, ಹಂಚಿಕೆಯ ವಿಡಿಯೋ ಸಾಲು, ಬಿಎಫ್‌ಸಿಪಿ (ಹಂಚಿಕೆಯ ಸರದಿ ನೋಡಿಕೊಳ್ಳೋದು) ಸಾಲು, ಕ್ಯಾಮೆರಾ ನಿಯಂತ್ರಣದ ಎಚ್.224 ಸಾಲು, ಎಸ್‌ಆರ್‌ಟಿಪಿ (ಎನ್‌ಕ್ರಿಪ್ಟ್ ಆದ ಆರ್‌ಟಿಪಿ) ಕೀಲಿಗಳು ಎಲ್ಲಾ ಇರ್ತವೆ. ಯುಡಿಪಿಯಲ್ಲಿ ಕಳಿಸಿದರೆ ಒಂದೇ ಪ್ಯಾಕೆಟ್‌ನಲ್ಲಿ ಹಿಡಿಯಲ್ಲ. ದಾರಿಯ ಎಂಟಿಯು ಗೊತ್ತಿಲ್ಲದಿದ್ದಾಗ ಕೋರಿಕೆ 1300 ಬೈಟ್ ಮೀರಿದರೆ ಟಿಸಿಪಿಯಂಥ ಸಾರಿಗೆ ಬಳಸಲೇಬೇಕು ಅಂತ ಆರ್‌ಎಫ್‌ಸಿ 3261 ಹೇಳುತ್ತೆ. ಎಷ್ಟೋ ಸಾಧನ ಅದನ್ನ ಪಾಲಿಸಲ್ಲ. ಫಲ: ಧ್ವನಿ ಮಾತ್ರದ ಕಾಲ್ ಹೋಗುತ್ತೆ, ವಿಡಿಯೋ ಕಾಲ್ ರಿಂಗ್ ಕೂಡ ಆಗಲ್ಲ. ಈ ಟನಲ್‌ನಲ್ಲಿ ತುಂಡು ಪ್ಯಾಕೆಟ್ ಸಾಯ್ತಿದ್ದರೆ ಎಸ್‌ಐಪಿ-ಯುಡಿಪಿಗೆ ಹೋದ ದಿನವೇ ಕಾಲ್ ಸೇರೋದೂ ನಿಲ್ಲುತ್ತೆ.

ಹೋಗೋದಾದರೆ ಟಿಸಿಪಿ 5060 ಅಥವಾ ಟಿಎಲ್‌ಎಸ್ 5061. ಯುಡಿಪಿ ಬೇಡ.

#13 ಮೋಡದಮರೆ
ಎಸ್‌ಐಪಿಯಲ್ಲಿ ಇನ್ನೊಂದು ಇದೆಯಲ್ಲ, ಕಾಲ್ 32 ಸೆಕೆಂಡಿಗೆ ಕಟ್ ಆಗೋದು. ಯಾಕೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

#14 ಹಳೆಕೋಡೆಕ್
@ಮೋಡದಮರೆ ಎತ್ತಿದ ಕಡೆ 200 ಓಕೆ ಕಳಿಸುತ್ತೆ, ಎಸಿಕೆಗೆ ("ತಲುಪಿತು" ಅನ್ನೋ ಉತ್ತರ) ಕಾಯುತ್ತೆ. ಬರದಿದ್ದರೆ ಮತ್ತೆ ಮತ್ತೆ ಕಳಿಸುತ್ತೆ, ಒಟ್ಟು 64 × ಟಿ1 ಕಾಲ. ಟಿ1 ಡೀಫಾಲ್ಟ್ 500 ಮಿಲಿಸೆಕೆಂಡ್, ಹಾಗಾಗಿ 32 ಸೆಕೆಂಡ್. ಆಮೇಲೆ ಬೈ ಹೇಳಿ ಕೆಳಗಿಡುತ್ತೆ. ಎಸಿಕೆ ಯಾಕೆ ಬರಲ್ಲ ಅಂದ್ರೆ, 200 ಓಕೆಯ ಕಾಂಟ್ಯಾಕ್ಟ್ ಹೆಡರ್‌ನಲ್ಲಿ ತಲುಪಲಾಗದ ಖಾಸಗಿ ವಿಳಾಸ ಇರುತ್ತೆ, ಎಸಿಕೆ ಅಲ್ಲಿಗೆ ಹೋಗಿ ಕಳೆದುಹೋಗುತ್ತೆ. ಈ 32 ಸೆಕೆಂಡ್ ಚಿತ್ರ, ಧ್ವನಿ ಎಲ್ಲಾ ಚೆನ್ನಾಗೇ ಇರುತ್ತೆ, ಅದಕ್ಕೇ ಜನ ನೆಟ್‌ವರ್ಕ್ ಮೇಲೆ ಅನುಮಾನ ಪಡ್ತಾರೆ.

ಕಾಲ್ ಯಾವಾಗಲೂ ಒಂದೇ ಹೊತ್ತಿಗೆ ಕಟ್ ಆದರೆ ಟೈಮರ್ ಹುಡುಕಿ. 32 ಸೆಕೆಂಡ್ ಎಸಿಕೆ. 15 ಅಥವಾ 30 ನಿಮಿಷ ಅಂದರೆ ಸೆಷನ್ ಟೈಮರ್ (ಆರ್‌ಎಫ್‌ಸಿ 4028, ಸಾಮಾನ್ಯವಾಗಿ 1800 ಸೆಕೆಂಡ್, ಅದರ ಅರ್ಧಕ್ಕೆ ನವೀಕರಣ). ಒಂದು ಗಂಟೆ ಅಂದರೆ ಬಹುತೇಕ ಫೈರ್‌ವಾಲ್‌ನ ಟಿಸಿಪಿ ಐಡಲ್ ಟೈಮ್‌ಔಟ್.

#15 ಗೇಟ್‌ಕೀಪರ್_ಗೌಡ
ಹಳೆಕೋಡೆಕ್ ಗುರು ಹೇಳಿದ್ದು ನೂರಕ್ಕೆ ನೂರು. @ತಂತಿಜಾಲ ನಿಮ್ಮ ಮೂರನೇ ತೊಂದರೆ ಇದೇ.

ಎಚ್.323ರಲ್ಲಿ ಕಾಲ್ ಸೇರಿದ ಮೇಲೆ 1720ರ ಟಿಸಿಪಿ ಸಂಪರ್ಕದಲ್ಲಿ ಮಾತೇ ಇರಲ್ಲ. ಎಚ್.245ರಲ್ಲಿ ಅಷ್ಟಿಷ್ಟು ಓಡಾಟ ಇರಬಹುದು, 1720 ಮಾತ್ರ ಮೌನ. 3600 ಸೆಕೆಂಡ್ ಮೌನ ಆದ ತಕ್ಷಣ ಫೈರ್‌ವಾಲ್ ಆ ಸೆಷನ್ ಅಳಿಸುತ್ತೆ. ಇನ್‌ಸ್ಪೆಕ್ಷನ್ ಆನ್ ಇದ್ದರೆ ಇನ್ನೂ ಕೆಟ್ಟದು: 1720 ತಾಯಿ ಸೆಷನ್, ಅದರಿಂದ ತೆರೆದ ಆರ್‌ಟಿಪಿ ದಾರಿಗಳೆಲ್ಲ ಮಕ್ಕಳು. ತಾಯಿ ಸೆಷನ್ ಹೋದರೆ ಮಕ್ಕಳೂ ಹೋದವು.

"ಸಾಧನದಲ್ಲಿ ಟಿಸಿಪಿ ಕೀಪ್‌ಅಲೈವ್ ಆನ್ ಇದೆಯಲ್ಲ" ಅಂತ ಕೇಳ್ತಾರೆ ಜನ. ಲಿನಕ್ಸ್ ಡೀಫಾಲ್ಟ್ 7200 ಸೆಕೆಂಡ್, ಎರಡು ಗಂಟೆ. ಒಂದು ಗಂಟೆಗೇ ಬಾಗಿಲು ಹಾಕಿರೋ ಫೈರ್‌ವಾಲ್ ಮುಂದೆ ಅದು ಬಂದು ಏನು ಪ್ರಯೋಜನ? ಆ ಎರಡು ಸಾಧನಗಳ ನಡುವೆ ಮಾತ್ರ ಐಡಲ್ ಟೈಮ್‌ಔಟ್ 8 ಗಂಟೆ ಮಾಡಿ, ಇಲ್ಲಾ ಸಾಧನದಲ್ಲಿ ಆಯ್ಕೆ ಇದ್ದರೆ ಕೀಪ್‌ಅಲೈವ್ 600 ಸೆಕೆಂಡಿಗೆ ಇಳಿಸಿ.

#16 ಬಿಂಬಗ್ರಾಹಿ
ಎರಡನೇ ತೊಂದರೆ (ಸ್ಲೈಡ್) ಯಾರೂ ಮುಟ್ಟಲಿಲ್ಲ.

ಎಚ್.323ರಲ್ಲಿ ಹಂಚಿಕೆ ಎಚ್.239. ಮೊದಲು ಎಚ್.245ರಲ್ಲಿ ಟೋಕನ್ ಕೇಳಿ ಪಡೀಬೇಕು, ಆಮೇಲೆ "ಪ್ರೆಸೆಂಟೇಶನ್" ಪಾತ್ರದ ಎರಡನೇ ವಿಡಿಯೋ ಚಾನೆಲ್ ತೆರೆಯುತ್ತೆ, ಹೊಸ ಆರ್‌ಟಿಪಿ, ಆರ್‌ಟಿಸಿಪಿ (ಆರ್‌ಟಿಪಿ ಜೊತೆ ಹೋಗೋ ವರದಿಗಳು) ಪೋರ್ಟ್ ಜೋಡಿ ಜೊತೆಗೆ. ಟೋಕನ್ ಹೋಗೋದು ಈಗಾಗಲೇ ತೆರೆದ ಟಿಸಿಪಿಯಲ್ಲಿ, ಅದಕ್ಕೇ ಕಳಿಸುವ ಕಡೆ "ಶುರು" ಅಂತ ತೋರಿಸುತ್ತೆ. ಆದರೆ ಎರಡನೇ ಚಾನೆಲ್‌ನ ಓಪನ್ ಲಾಜಿಕಲ್ ಚಾನೆಲ್‌ನಲ್ಲಿ ಕೋಡೆಕ್ ವಿವರ ವಿಸ್ತೃತ ರೂಪದಲ್ಲಿರುತ್ತೆ. ಹಳೇ ಇನ್‌ಸ್ಪೆಕ್ಷನ್ ಕೋಡ್‌ಗೆ ಅದು ಅರ್ಥವಾಗಲ್ಲ, ಪೋರ್ಟ್ ತೆರೆಯಲ್ಲ, ಆರ್‌ಟಿಪಿ ಗೋಡೆಗೆ ಬಡೀತಿರುತ್ತೆ. ಎರಡೂ ದಿಕ್ಕಿನಲ್ಲಿ ಹಂಚಿಕೆ ಸಾಯ್ತಿದೆ ಅಂದ್ರೆ ಎಂಟಿಯು ಒಂದೇ ಕಾರಣ ಆಗಿರಲ್ಲ.

ನನ್ನ ಸಲಹೆ: ಟನಲ್ ಒಳಗಿನ ಈ ಜೋಡಿಗೆ ಇನ್‌ಸ್ಪೆಕ್ಷನ್ ಪೂರ್ತಿ ಆಫ್. ಸಾಧನದಲ್ಲಿ ಪೋರ್ಟ್‌ಗಳನ್ನ ಸ್ಥಿರ ವ್ಯಾಪ್ತಿಗೆ ಕಟ್ಟಿ, ಅದನ್ನ ಎರಡೂ ಐಪಿ ನಡುವೆ ನೇರ ಅನುಮತಿಸಿ. ಒಂದು ಕಾಲ್‌ಗೆ ಯುಡಿಪಿ ಲೆಕ್ಕ: ಧ್ವನಿ 2, ಚಿತ್ರ 2, ಹಂಚಿಕೆ 2, ಕ್ಯಾಮೆರಾ ನಿಯಂತ್ರಣ 2, ಒಟ್ಟು 8. ಎಚ್.245ಕ್ಕೆ ಟಿಸಿಪಿ 1. ಕಾಲ್ ಮುಗಿದ ಮೇಲೆ ಸಾಧನ ಅದೇ ಪೋರ್ಟ್ ತಕ್ಷಣ ಮರುಬಳಸದೆ ಮುಂದಕ್ಕೆ ಹೋಗುತ್ತೆ, ಆದ್ದರಿಂದ 8 ಕೊಟ್ಟು ಕೂರಬೇಡಿ, 100 ಕೊಡಿ.

#17 ಸುಮ್ನೆಓದ್ತೀನಿ
ಆರ್‌ಟಿಸಿಪಿ ಬರೀ ಅಂಕಿಅಂಶ ಅಲ್ವಾ, ಅದರ ಬೆಸ ಸಂಖ್ಯೆಯ ಪೋರ್ಟ್‌ಗಳನ್ನ ಮುಚ್ಚಿದರೆ ಅರ್ಧ ಪೋರ್ಟ್ ಉಳಿಯುತ್ತಲ್ಲ?

#18 ಬಿಂಬಗ್ರಾಹಿ
@ಸುಮ್ನೆಓದ್ತೀನಿ ಬೇಡ, ದಯವಿಟ್ಟು. ಧ್ವನಿಯ ಟೈಮ್‌ಸ್ಟ್ಯಾಂಪ್ 8000 ಹರ್ಟ್ಸ್ ಗಡಿಯಾರದಲ್ಲಿ ಓಡುತ್ತೆ, ಚಿತ್ರದ್ದು 90000ದಲ್ಲಿ, ಎರಡೂ ಯಾದೃಚ್ಛಿಕ ಸಂಖ್ಯೆಯಿಂದ ಶುರು. ಇವೆರಡನ್ನ ಒಂದೇ ಗೋಡೆ ಗಡಿಯಾರಕ್ಕೆ ಕಟ್ಟೋದು ಆರ್‌ಟಿಸಿಪಿಯ ಸೆಂಡರ್ ರಿಪೋರ್ಟ್ ಮಾತ್ರ. ಅದನ್ನ ತಡೆದರೆ ತುಟಿಗೂ ಮಾತಿಗೂ ಹೊಂದಲ್ಲ. ಈಗಿನ ಎಸ್‌ಐಪಿ, ವೆಬ್‌ಆರ್‌ಟಿಸಿಯಲ್ಲಿ (ಬ್ರೌಸರ್‌ನ ವಿಡಿಯೋ ಕಾಲ್) ಕೀಫ್ರೇಮ್ (ಪೂರ್ಣ ಫ್ರೇಮ್) ಕೋರಿಕೆ ಕೂಡ ಆರ್‌ಟಿಸಿಪಿಯಲ್ಲೇ ಬರುತ್ತೆ. ಎರಡನ್ನೂ ಒಂದೇ ಪೋರ್ಟ್‌ಗೆ ಸೇರಿಸೋ ವಿಧಾನ (ಆರ್‌ಎಫ್‌ಸಿ 5761) ಇದೆ, ಹಳೇ ಕೊಠಡಿ ಸಾಧನಗಳು ಅದನ್ನ ಅರಿಯವು.

#19 ವೈರ್‌ಶಾರ್ಕ್_ವಿದ್ಯಾರ್ಥಿ
8000 ಅಂದಾಗ ನೆನಪಾಯ್ತು, ಸ್ವಲ್ಪ ದಾರಿ ತಪ್ಪಿದ ಮಾತು. ಜಿ.722 ಧ್ವನಿ ಮಾದರಿ ತೆಗೆಯೋದು 16000 ಹರ್ಟ್ಸ್‌ನಲ್ಲಿ, ಆದರೆ ಆರ್‌ಟಿಪಿ ಗಡಿಯಾರ 8000 ಅಂತಲೇ ಬರೀಬೇಕು. ಆರ್‌ಎಫ್‌ಸಿ 1890ರಲ್ಲಿ ತಪ್ಪಾಗಿ ಬಿದ್ದ ಸಂಖ್ಯೆ, ಹಳೆಯವು ಕೆಡಬಾರದು ಅಂತ ಹಾಗೇ ಉಳಿಸಿದ್ದಾರೆ. ಎಸ್‌ಡಿಪಿಯಲ್ಲಿ (ಎಸ್‌ಐಪಿ ಸಂದೇಶದೊಳಗಿನ ಮೀಡಿಯಾ ವಿವರ) 8000 ನೋಡಿ "ಫೋನ್ ಗುಣಮಟ್ಟಕ್ಕೆ ಇಳಿದಿದೆ" ಅಂತ ತಿದ್ದೋಕೆ ಹೋಗಬೇಡಿ.

#20 ತಂತಿಜಾಲ
ಫಲಿತಾಂಶ ಇಲ್ಲಿದೆ.

1472 ಹೋಗಲಿಲ್ಲ. 1400 ಹೋಗಲಿಲ್ಲ. 1373 ಇಲ್ಲ, 1372 ಹೋಯ್ತು. ಅಂದ್ರೆ ದಾರಿಯ ಎಂಟಿಯು 1400. ಸಾಧನಗಳಲ್ಲಿ: ಎ 1500, ಬಿ 1250. ಬಿ ಯಿಂದ ಎ ಗೆ ಚಿತ್ರ ಯಾಕೆ ಬರ್ತಿತ್ತು ಅನ್ನೋದು ಇದರಿಂದಲೇ ತಿಳೀತು.

ಕ್ಯಾಪ್ಚರ್‌ನಲ್ಲಿ ಒಂದು ವಿಚಿತ್ರ. ಬಿ ಕಡೆ ಎ ಯ ವಿಡಿಯೋ ಹರಿವು ಪೂರ್ತಿ ಸತ್ತಿಲ್ಲ. ಐದಾರು ಸೀಕ್ವೆನ್ಸ್ ಸಂಖ್ಯೆ ಮಾಯ, ಆಮೇಲೆ ಒಂದು ಪುಟ್ಟ ಪ್ಯಾಕೆಟ್, ಮತ್ತೆ ಐದಾರು ಮಾಯ, ಮತ್ತೆ ಒಂದು. ಬಂದ ಪ್ರತಿಯೊಂದರಲ್ಲೂ ಮಾರ್ಕರ್ ಬಿಟ್ 1. ಏನಿದು?

#21 ಪ್ಯಾಕೆಟ್_ಪದ್ಮ
@ತಂತಿಜಾಲ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಒಂದು ಚಿತ್ರಫ್ರೇಮ್ ಹಲವು ಪ್ಯಾಕೆಟ್ ಆಗಿ ಒಡೆದಾಗ ಮೊದಲಿನವೆಲ್ಲ ತುಂಬಿದವು, ಕೊನೆಯದು ಉಳಿದ ಚೂರು. ಫ್ರೇಮ್‌ನ ಕೊನೆಯ ಪ್ಯಾಕೆಟ್‌ಗೇ ಮಾರ್ಕರ್ ಬಿಟ್ ಹಾಕೋದು. ದೊಡ್ಡವೆಲ್ಲ ಟನಲ್ ಬಾಯಲ್ಲಿ ಸಾಯ್ತಿವೆ, ಚೂರು ಮಾತ್ರ ದಾಟ್ತಿದೆ. ಡೀಕೋಡರ್ ಬರೀ ಬಾಲಗಳಿಂದ ಚಿತ್ರ ಕಟ್ಟೋಕಾಗಲ್ಲ, ಹಾಗಾಗಿ ಕಪ್ಪು.

ಎ ಯಲ್ಲಿ 1300 ಇಡಿ. 1400ಕ್ಕೆ ಸರಿಯಾಗಿ ಇಡಬೇಡಿ. ನಾಳೆ ಟನಲ್‌ನ ಸೈಫರ್ ಬದಲಾಯಿಸಿದ್ರೂ, ಎಸ್‌ಆರ್‌ಟಿಪಿ ಆನ್ ಮಾಡಿ ಪ್ರತಿ ಪ್ಯಾಕೆಟ್‌ಗೆ 10 ಬೈಟ್ ಬಾಲ ಸೇರಿದ್ರೂ ಜಾಗ ಇರಲಿ.

#22 ಹೊಸಗಾಳಿ
ಸರಿ, ಈ ಮೂರಕ್ಕೂ ಎಚ್.323 ಕಾರಣ ಅಲ್ಲ ಅಂತಾಯ್ತು. ಆದ್ರೂ ಮುಂದೆ ಬ್ರೌಸರ್‌ನಿಂದ ಸೇರೋರು ಇರ್ತಾರಲ್ಲ. ವೆಬ್‌ಆರ್‌ಟಿಸಿ ಜೊತೆ ಮಾತಾಡೋಕೆ ಎಸ್‌ಐಪಿಯೇ ಹತ್ತಿರ.

#23 ಹಳೆಕೋಡೆಕ್
@ಹೊಸಗಾಳಿ ಹತ್ತಿರ ಹೌದು, ನೇರ ಅಲ್ಲ. ವೆಬ್‌ಆರ್‌ಟಿಸಿ ಸಿಗ್ನಲಿಂಗ್ ಏನಿರಬೇಕು ಅಂತ ಹೇಳೋದೇ ಇಲ್ಲ. ಮೀಡಿಯಾಗೆ ಐಸಿಇ (ಹೋಗೋ ದಾರಿ ಹುಡುಕೋ ವಿಧಾನ) ಬೇಕು, ಕೀಲಿ ವಿನಿಮಯಕ್ಕೆ ಡಿಟಿಎಲ್‌ಎಸ್ ಬೇಕು. ಕೊಠಡಿ ಸಾಧನಗಳು ಕೀಲಿಯನ್ನ ಎಸ್‌ಡಿಪಿಯೊಳಗೇ ಬರೆದು ಕಳಿಸ್ತವೆ (ಆರ್‌ಎಫ್‌ಸಿ 4568), ಬ್ರೌಸರ್ ಅದನ್ನ ಒಪ್ಪಲ್ಲ. ಕೋಡೆಕ್‌ನಲ್ಲಿ ಅದೃಷ್ಟ ಇದೆ: ಆರ್‌ಎಫ್‌ಸಿ 7742 ಪ್ರಕಾರ ಬ್ರೌಸರ್‌ಗೆ ವಿಪಿ8, ಎಚ್.264 ಕನ್‌ಸ್ಟ್ರೇನ್ಡ್ ಬೇಸ್‌ಲೈನ್ ಎರಡೂ ಕಡ್ಡಾಯ. ಧ್ವನಿಗೆ ಓಪಸ್ ಜೊತೆ ಜಿ.711 ಕೂಡ ಕಡ್ಡಾಯ. ಹಾಗಾಗಿ ಚಿತ್ರವನ್ನ ಮತ್ತೆ ಎನ್‌ಕೋಡ್ ಮಾಡದೆ ಗೇಟ್‌ವೇ ನಡುವೆ ನಿಂತು ಕೆಲಸ ಸಾಗಿಸಬಹುದು.

ಎಚ್.264 ಸಾಲಿನಲ್ಲಿ ಎರಡು ಕಡೆ ಎಡವ್ತಾರೆ. ಪ್ಯಾಕೆಟೈಸೇಶನ್ ಮೋಡ್ ಬರೆಯದಿದ್ದರೆ ಅದು 0, ಅಂದ್ರೆ ಪ್ರತಿ ಎನ್‌ಎಎಲ್ ಘಟಕ (ಎನ್‌ಕೋಡ್ ಆದ ಚಿತ್ರದ ಒಂದು ಭಾಗ) ಒಂದೇ ಪ್ಯಾಕೆಟ್‌ನಲ್ಲಿ ಹಿಡಿಯಬೇಕು, ತುಂಡು ಮಾಡೋ ಹಾಗಿಲ್ಲ. 1 ಮಾತ್ರ ಬಲ್ಲ ಸಾಧನದ ಜೊತೆ ವಿಡಿಯೋ ಮಾತುಕತೆಯೇ ಮುರಿಯುತ್ತೆ. ಇನ್ನೊಂದು ಪ್ರೊಫೈಲ್-ಲೆವೆಲ್. ಅದು ಇಲ್ಲದಿದ್ದರೆ ಬೇಸ್‌ಲೈನ್, ಲೆವೆಲ್ 1 ಅಂತ ಅರ್ಥ: 176×144, 15 ಫ್ರೇಮ್. ಗೋಡೆಯಷ್ಟು ದೊಡ್ಡ ಪರದೆ ಮೇಲೆ ಮಸುಕು ಚಿತ್ರ ಬಂದಾಗ ಕ್ಯಾಮೆರಾ ಬದಲಿಸೋ ಮೊದಲು ಈ ಸಾಲು ಓದಿ. ಕೊನೆ ಎರಡು ಅಂಕಿ 1ಎಫ್ ಇದ್ದರೆ 3.1, ಅಂದರೆ 720ಪಿ, 30 ಫ್ರೇಮ್. 28 ಇದ್ದರೆ ಲೆವೆಲ್ 4, 1080ಪಿ 30.

#24 ಬಿಂಬಗ್ರಾಹಿ
ಗೇಟ್‌ವೇ ಹಾಕೋದಾದರೆ ಕೊಳ್ಳುವ ಮೊದಲೇ ಕೀಫ್ರೇಮ್ ಪರೀಕ್ಷೆ ಮಾಡಿ. ಸಭೆಯ ಎನ್‌ಕೋಡರ್ ತಾನಾಗಿ ಪದೇ ಪದೇ ಪೂರ್ಣ ಫ್ರೇಮ್ ಕಳಿಸಲ್ಲ, ಕೇಳಿದಾಗ ಕಳಿಸುತ್ತೆ. ಕೇಳೋ ಭಾಷೆ ಮೂರು ಕಡೆ ಮೂರು. ಎಚ್.323ರಲ್ಲಿ ಎಚ್.245ರ ಫಾಸ್ಟ್ ಅಪ್‌ಡೇಟ್ ಪಿಕ್ಚರ್ ಆದೇಶ. ಹಳೇ ಎಸ್‌ಐಪಿಯಲ್ಲಿ ಇನ್ಫೋ ಸಂದೇಶದೊಳಗೆ ಎಕ್ಸ್‌ಎಂಎಲ್ (ಆರ್‌ಎಫ್‌ಸಿ 5168). ಹೊಸದರಲ್ಲಿ ಆರ್‌ಟಿಸಿಪಿಯ ಪಿಎಲ್‌ಐ ಅಥವಾ ಎಫ್‌ಐಆರ್. ಇವನ್ನ ಗೇಟ್‌ವೇ ಅನುವಾದ ಮಾಡದಿದ್ದರೆ ತಡವಾಗಿ ಸೇರಿದವರಿಗೆ ಬೂದು ಪರದೆ. ಒಂದು ಪ್ಯಾಕೆಟ್ ನಷ್ಟವಾದರೂ ಚಿತ್ರ ನಿಂತಲ್ಲೇ ನಿಲ್ಲುತ್ತೆ. ಮೂರನೆಯವರನ್ನ ಐದು ನಿಮಿಷ ತಡವಾಗಿ ಸೇರಿಸಿ ನೋಡಿ, ಒಂದೆರಡು ಸೆಕೆಂಡಲ್ಲಿ ಚಿತ್ರ ಬರಬೇಕು.

#25 ಮೋಡದಮರೆ
ಇಷ್ಟೆಲ್ಲ ಆದ ಮೇಲೂ ಕ್ಯೂಒಎಸ್ (ಪ್ಯಾಕೆಟ್ ಆದ್ಯತೆ) ಗುರುತು ಹಾಕೋದು ಒಳ್ಳೇದಲ್ವಾ? ಧ್ವನಿಗೆ ಇಎಫ್ (46), ಚಿತ್ರಕ್ಕೆ ಎಎಫ್41 (34).

#26 ಪ್ಯಾಕೆಟ್_ಪದ್ಮ
@ಮೋಡದಮರೆ ಹಾಕಿ, ಆದರೆ ಎಎಫ್41ರ ಮೇಲೆ ಪೊಲೀಸರ್ (ಮಿತಿ ಮೀರಿದ ಪ್ಯಾಕೆಟ್ ಬಿಸಾಕೋದು) ಇದ್ದರೆ ಅದರ ಬರ್ಸ್ಟ್ ಗಾತ್ರ ನೋಡಿ. 2 ಎಂಬಿಪಿಎಸ್, 30 ಫ್ರೇಮ್ ಅಂದರೆ ಸರಾಸರಿ ಫ್ರೇಮ್ 8300 ಬೈಟ್ ಚಿಲ್ಲರೆ, ಏಳು ಪ್ಯಾಕೆಟ್. ಕೀಫ್ರೇಮ್ ಅದರ ಹಲವು ಪಟ್ಟು, ಅದೂ ಒಂದೇ ಉಸಿರಿಗೆ ಹೊರಡುತ್ತೆ. ಪೊಲೀಸರ್ ಬಕೆಟ್ 8000 ಬೈಟ್ ಇದ್ದರೆ ಪ್ರತಿ ಕೀಫ್ರೇಮ್ ಅರ್ಧಕ್ಕೆ ಕತ್ತರಿಸುತ್ತೆ. ಆಚೆ ಕಡೆ "ಚಿತ್ರ ಕೆಟ್ಟಿದೆ, ಮತ್ತೆ ಕಳಿಸು" ಅಂತ ಕೇಳುತ್ತೆ, ಇನ್ನೊಂದು ಕೀಫ್ರೇಮ್, ಅದೂ ಕತ್ತರಿ. ಸರಾಸರಿ ಗ್ರಾಫ್ ನೋಡಿದರೆ ಲಿಂಕ್ ಖಾಲಿ, ಆದರೂ ಚಿತ್ರ ಸುಧಾರಿಸಲ್ಲ. ಪೊಲೀಸರ್ ಬದಲು ಶೇಪರ್ (ಬಿಸಾಕದೆ ಸಾಲಲ್ಲಿ ಕಾಯಿಸೋದು) ಇಡಿ, ಇಲ್ಲಾ ಬಕೆಟ್ ದೊಡ್ಡದು ಮಾಡಿ.

ಶೇಪರ್ ಕ್ಯೂ ತೀರಾ ಉದ್ದ ಮಾಡಿದರೆ ವಿಳಂಬ ಏರುತ್ತೆ. ಜಿ.114 ಹೇಳೋ ಹಾಗೆ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಸಂಭಾಷಣೆ ಸಹಜ. ಅದರಲ್ಲಿ ಎನ್‌ಕೋಡರ್, ಜಿಟ್ಟರ್ ಬಫರ್ ಪಾಲೂ ಸೇರಿದೆ.

#27 ತಂತಿಜಾಲ
ಎ ಯಲ್ಲಿ ಎಂಟಿಯು 1300 ಮಾಡಿದೆ, ಮುಂದಿನ ಕಾಲ್‌ನಲ್ಲೇ ಚಿತ್ರ ಬಂತು. ಇನ್‌ಸ್ಪೆಕ್ಷನ್ ತೆಗೆದು ಸ್ಥಿರ ಪೋರ್ಟ್ ವ್ಯಾಪ್ತಿ ಕೊಟ್ಟ ಮೇಲೆ ಸ್ಲೈಡ್ ಎರಡೂ ಕಡೆ ಬರ್ತಿದೆ. ಐಡಲ್ ಟೈಮ್‌ಔಟ್ 8 ಗಂಟೆ ಮಾಡಿದೀನಿ, ಎರಡೂವರೆ ಗಂಟೆಯ ಕಾಲ್ ಕಟ್ ಆಗದೆ ನಡೀತು. ಎಲ್ಲರಿಗೂ ಧನ್ಯವಾದ. ಸದ್ಯ ಎಚ್.323ರಲ್ಲೇ ಇರ್ತೀವಿ, ಬ್ರೌಸರ್ ಗೇಟ್‌ವೇ ಆಮೇಲೆ ನೋಡ್ತೀವಿ.

#28 ಗೇಟ್‌ಕೀಪರ್_ಗೌಡ
ಇನ್‌ಸ್ಪೆಕ್ಷನ್ ತೆಗೆದದ್ದು ಟನಲ್ ಒಳಗಿನ ಜೋಡಿಗೆ ಮಾತ್ರ ತಾನೇ? ಇಂಟರ್ನೆಟ್ ಕಡೆ 1720 ತೆರೆದಿದ್ದರೆ ಈಗಲೇ ಮುಚ್ಚಿ. ಆ ಪೋರ್ಟ್ ಹುಡುಕಿಕೊಂಡು ಸ್ಕ್ಯಾನರ್‌ಗಳು ಸುತ್ತುತ್ತಲೇ ಇರ್ತವೆ, ಆಟೋ ಆನ್ಸರ್ ಆನ್ ಇದ್ದರೆ ಕೊಠಡಿಯ ಕ್ಯಾಮೆರಾ ಯಾರಿಗೋ ತೆರೆದುಕೊಳ್ಳುತ್ತೆ.

#29 ತಂತಿಜಾಲ
ಹೌದು ಸರ್, ಆ ಎರಡು ಐಪಿಗೆ ಮಾತ್ರ. ಹೊರಗೆ 1720, 5060 ಎರಡೂ ಮುಚ್ಚಿದೆ. ಆಟೋ ಆನ್ಸರ್ ಬಿ ಯಲ್ಲಿ ಆನ್ ಇತ್ತು, ತೆಗೆದೆ.

#30 ಪ್ಯಾಕೆಟ್_ಪದ್ಮ
ಇನ್ನೊಂದು ಸಣ್ಣದು. ಸಾಧನದ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಅಥವಾ ಫ್ಯಾಕ್ಟರಿ ರೀಸೆಟ್ ಮಾಡಿದಾಗ ಎಂಟಿಯು ಮತ್ತೆ 1500ಕ್ಕೆ, ಪೋರ್ಟ್ ವ್ಯಾಪ್ತಿ ಡೀಫಾಲ್ಟ್‌ಗೆ ಮರಳಬಹುದು. ಆ ಎರಡು ಸಂಖ್ಯೆಗಳನ್ನ ಫೈರ್‌ವಾಲ್ ನಿಯಮದ ವಿವರಣೆ ಜಾಗದಲ್ಲೇ ಬರೆದಿಡಿ. ಮುಂದೆ ಚಿತ್ರ ಕಪ್ಪಾದರೆ ನೋಡೋರು ಮೊದಲು ತೆರೆಯೋದು ಅದನ್ನೇ.